ಗುಡ್ಡದಲ್ಲಿ ಕಬ್ಬಿಣ, ರಕ್ತದಲ್ಲಿ ಕೊರತೆ: ಲೋಹ ಹಿಡಿದ ಪ್ರೋಟೀನುಗಳ ಲೆಕ್ಕಾಚಾರ

ಚಿತ್ರದುರ್ಗ ಜಿಲ್ಲೆಯ ನೆಲದಲ್ಲಿ ಕಬ್ಬಿಣಕ್ಕೆ ಬರ ಇಲ್ಲ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಗುಡ್ಡಗಳಿಂದ ಅದಿರಿನ ಲಾರಿಗಳು ವರ್ಷಗಟ್ಟಲೆ ಓಡಿವೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಾರಿಕೆಯನ್ನೂ ನಿಲ್ಲಿಸಿದ್ದು ನೆನಪಿದೆ ಅಲ್ವಾ? ದುರ್ಗದ ಪಕ್ಕದ ಇಂಗಳದಾಳದಲ್ಲಿ ಒಂದು ಕಾಲಕ್ಕೆ ತಾಮ್ರವನ್ನೂ ತೆಗೆಯುತ್ತಿದ್ದರು. ಇಂಥ ಜಿಲ್ಲೆಯ ಆಸ್ಪತ್ರೆಗಳಲ್ಲಿ ಗರ್ಭಿಣಿಯರು, ಹೈಸ್ಕೂಲಿನ ಹುಡುಗಿಯರು ಮತ್ತೆ ಮತ್ತೆ ಕೇಳುವ ಮಾತು 'ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತಗೊಳ್ಳಿ' ಅನ್ನೋದು.

ಅಂಕಿಗಳೂ ಅದನ್ನೇ ಹೇಳುತ್ತವೆ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ನಾಲ್ಕನೇ ಸಮೀಕ್ಷೆಗೆ ಹೋಲಿಸಿದರೆ ಎರಡೂ ಏರಿವೆ. ಈ ಅಂಕಿಗಳ ಬಗ್ಗೆ ತಕರಾರೂ ಇದೆ. ಅದಕ್ಕೆ ಆಮೇಲೆ ಬರೋಣ.

ಸರ್ಕಾರದ ಉತ್ತರ ಸರಳ. ಕಬ್ಬಿಣ ಕಡಿಮೆ ಇದೆಯಾ, ಜಾಸ್ತಿ ಕೊಡಿ. ಮಾತ್ರೆಯಲ್ಲಿ ಕೊಡಿ, ಅಕ್ಕಿಯಲ್ಲಿ ಬೆರೆಸಿ ಕೊಡಿ. ಈ ಲೆಕ್ಕ ಮಿಲಿಗ್ರಾಂಗಳಲ್ಲಿ ನಡೆಯುತ್ತದೆ. ನಮ್ಮ ದೇಹದ ಲೆಕ್ಕ ಹಾಗಿಲ್ಲ. ದೇಹಕ್ಕೆ ಬರೀ ಲೋಹದಿಂದ ಉಪಯೋಗವಿಲ್ಲ, ಅಪಾಯವೇ ಇದೆ. ಒಂದು ಸರಿಯಾದ ಪ್ರೋಟೀನಿನೊಳಗೆ, ಸರಿಯಾದ ಜಾಗದಲ್ಲಿ ಕೂತಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಎಷ್ಟು ಕೊಟ್ಟೆವು ಅನ್ನೋದಕ್ಕಿಂತ ಎಷ್ಟು ಆ ಜಾಗ ತಲುಪಿತು ಅನ್ನೋದು ಮುಖ್ಯ. ನಮ್ಮ ಹೊಲಗಳಲ್ಲೂ ಇದೇ ಕಥೆ.

ಲೋಹ ಯಾಕೆ ಬೇಕು ಅನ್ನೋದನ್ನು ಮೊದಲು ನೋಡೋಣ. ಪ್ರೋಟೀನುಗಳೆಲ್ಲ 20 ಬಗೆಯ ಅಮೈನೋ ಆಮ್ಲಗಳ ಸರಪಳಿಗಳು. ಈ ಇಪ್ಪತ್ತರಿಂದ ಎಷ್ಟೋ ಕೆಲಸ ಆಗುತ್ತದೆ. ಆದರೆ ಆಮ್ಲಜನಕವನ್ನು ಹಿಡಿದು ಬಿಡುವುದು, ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕೈ ಬದಲಾಯಿಸುವುದು, ಗಟ್ಟಿ ರಾಸಾಯನಿಕ ಬಂಧಗಳನ್ನು ಮುರಿಯುವುದು ಅಮೈನೋ ಆಮ್ಲಗಳಿಗೆ ಅಷ್ಟು ಸುಲಭವಲ್ಲ. ಅಲ್ಲಿ ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್‌ಗಳ ನೆರವು ಬೇಕಾಗುತ್ತದೆ. ಪ್ರೋಟೀನುಗಳ ಪೈಕಿ ಸುಮಾರು ಮೂರರಲ್ಲಿ ಒಂದಕ್ಕೆ ಯಾವುದಾದರೂ ಲೋಹ ಬೇಕೇ ಬೇಕು ಎಂಬುದು ವಿಜ್ಞಾನಿಗಳ ಅಂದಾಜು.

ಎಲ್ಲರಿಗೂ ಗೊತ್ತಿರುವುದು ಹಿಮೋಗ್ಲೋಬಿನ್. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಒಂದೊಂದರಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದು ಪರಮಾಣುವಿಗೆ ಒಂದೊಂದು ಆಮ್ಲಜನಕದ ಅಣು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗುದ್ದಲಿಯನ್ನು ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅಂದರೆ ಹೊರಗಿನ ಕಬ್ಬಿಣ ಆಮ್ಲಜನಕವನ್ನು ಹಿಡಿದರೆ ಮತ್ತೆ ಬಿಡುವುದಿಲ್ಲ. ರಕ್ತದ ಕಬ್ಬಿಣ ಹಾಗೆ ಮಾಡಿದರೆ ನಾವು ಬದುಕುವುದಿಲ್ಲ. ಶ್ವಾಸಕೋಶದಲ್ಲಿ ಹಿಡಿಯಬೇಕು, ಕಾಲಿನ ಮಾಂಸಖಂಡಕ್ಕೆ ಬಂದಾಗ ಬಿಡಬೇಕು. ಈ ಸಡಿಲ ಹಿಡಿತ ಬರುವುದು ಸುತ್ತಲಿನ ಪ್ರೋಟೀನಿನಿಂದ. ಅದು ಕಬ್ಬಿಣಕ್ಕೆ ನೀರು ತಾಗದಂತೆ ಒಂದು ಗೂಡು ಕಟ್ಟಿಕೊಡುತ್ತದೆ. ಒಂದು ಕಬ್ಬಿಣ ಆಮ್ಲಜನಕ ಹಿಡಿದ ಕೂಡಲೇ ಇಡೀ ಅಣು ಸ್ವಲ್ಪ ಹೊರಳುತ್ತದೆ, ಉಳಿದ ಮೂರಕ್ಕೆ ಹಿಡಿಯುವುದು ಸುಲಭವಾಗುತ್ತದೆ. ಈ ಅಣುವಿನ ಆಕಾರ ಬಿಡಿಸಲು ಮ್ಯಾಕ್ಸ್ ಪೆರುಟ್ಜ್ ಅವರಿಗೆ ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು. ಮಾಂಸಖಂಡದ ಮಯೋಗ್ಲೋಬಿನ್ ಬಿಡಿಸಿದ ಜಾನ್ ಕೆಂಡ್ರ್ಯೂ ಜೊತೆ ಅವರಿಗೆ 1962ರ ನೊಬೆಲ್ ಬಂತು.

ಇದೇ ಗೂಡಿಗೆ ಕಾರ್ಬನ್ ಮೊನಾಕ್ಸೈಡ್ ಬಂದು ಕೂತರೆ ಕಥೆ ಬೇರೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದು ಅಂಟಿಕೊಳ್ಳುತ್ತದೆ. ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಆಗಾಗ ಬರುತ್ತದಲ್ಲ, ಅಲ್ಲಿ ನಡೆಯುವುದು ಇದೇ. ರಕ್ತದಲ್ಲಿ ಕಬ್ಬಿಣ ಬೇಕಾದಷ್ಟಿದೆ, ಜಾಗ ಮಾತ್ರ ಖಾಲಿ ಇಲ್ಲ.

ಈಗ ಮಾತ್ರೆಯ ವಿಷಯ. ಪ್ರಾಯದ ಮನುಷ್ಯನ ದೇಹದಲ್ಲಿ ಒಟ್ಟು ಇರುವ ಕಬ್ಬಿಣ ಮೂರರಿಂದ ನಾಲ್ಕು ಗ್ರಾಂ, ಅಷ್ಟೇ. ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಭಾಗ ಹಿಮೋಗ್ಲೋಬಿನ್ನಿನಲ್ಲೇ ಇದೆ. ಹೊಸ ರಕ್ತ ತಯಾರಾಗಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ಕರುಳು ದಿನಕ್ಕೆ ಒಳಗೆ ಬಿಟ್ಟುಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಎಲ್ಲಿಂದ? ಸುಮಾರು 120 ದಿನ ಓಡಾಡಿ ಮುದಿಯಾದ ಕೆಂಪು ಕಣಗಳನ್ನು ಒಡೆದು, ಅದರ ಕಬ್ಬಿಣವನ್ನೇ ಮತ್ತೆ ಬಳಸುತ್ತದೆ ದೇಹ.

ಇಷ್ಟು ಜಿಪುಣತನಕ್ಕೆ ಕಾರಣ ಇದೆ. ಪ್ರೋಟೀನಿನ ಹಿಡಿತದಲ್ಲಿಲ್ಲದ ಕಬ್ಬಿಣ ಜೀವಕೋಶಕ್ಕೆ ವಿಷ. ಅದು ಆಮ್ಲಜನಕದಿಂದ ಉಗ್ರ ರೂಪದ ಕಣಗಳನ್ನು ಹುಟ್ಟಿಸಿ ಕೋಶದ ಪೊರೆ, ಡಿಎನ್‌ಎ ಎಲ್ಲವನ್ನೂ ಹಾಳು ಮಾಡುತ್ತದೆ. ಎರಡನೆಯದಾಗಿ, ರೋಗ ತರುವ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಸುಮ್ನೆ ಬಿಟ್ಟರೆ ಅವು ಬಾಚಿಕೊಳ್ಳುತ್ತವೆ. ಹಾಗಾಗಿ ರಕ್ತದಲ್ಲಿ ಸಾಗುವ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಎರಡೆರಡು ಪರಮಾಣುಗಳಂತೆ ಹಿಡಿದೇ ಒಯ್ಯುತ್ತದೆ. ಮಿಕ್ಕಿದ್ದನ್ನು ಫೆರಿಟಿನ್ ತನ್ನ ಟೊಳ್ಳು ಹೊಟ್ಟೆಯಲ್ಲಿ ತುಂಬಿಡುತ್ತದೆ. ಒಂದು ಫೆರಿಟಿನ್‌ನಲ್ಲಿ 4,500 ಪರಮಾಣುಗಳವರೆಗೂ ಹಿಡಿಯುತ್ತದೆ. ತಾಯಿಯ ಹಾಲಿನಲ್ಲಿರುವ ಲ್ಯಾಕ್ಟೋಫೆರಿನ್ ಕೂಡ ಕಬ್ಬಿಣವನ್ನು ಬಿಗಿಹಿಡಿದು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಮಾಡುತ್ತದೆ.

ಜಾಸ್ತಿಯಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಪ್ರತ್ಯೇಕ ದಾರಿಯೇ ಇಲ್ಲ. ಆದ್ದರಿಂದ ಕಾವಲು ಪೂರ್ತಿ ಒಳಬರುವ ಬಾಗಿಲಿನಲ್ಲಿ, ಅಂದರೆ ಕರುಳಿನಲ್ಲಿ. ಆ ಕಾವಲಿನ ಯಜಮಾನ ಹೆಪ್ಸಿಡಿನ್ ಎಂಬ ಹಾರ್ಮೋನು. ಪಿತ್ತಜನಕಾಂಗ ಅದನ್ನು ತಯಾರಿಸುತ್ತದೆ. 2000ದ ಆಸುಪಾಸಿನಲ್ಲಷ್ಟೇ ಇದು ಪತ್ತೆಯಾಯಿತು. ರಕ್ತಹೀನತೆಯ ಬಗ್ಗೆ ನಮ್ಮ ತಿಳಿವಳಿಕೆಯನ್ನು ಇದರಷ್ಟು ಬದಲಾಯಿಸಿದ್ದು ಬೇರೊಂದಿಲ್ಲ ಅಂತ ನನಗನ್ನಿಸುತ್ತದೆ. ದೇಹದಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಹೆಪ್ಸಿಡಿನ್ ಏರಿ ಬಾಗಿಲು ಹಾಕುತ್ತದೆ. ಸೋಂಕು ತಗುಲಿದಾಗಲೂ ಏರುತ್ತದೆ. ಬ್ಯಾಕ್ಟೀರಿಯಾಗೆ ಸಿಗಬಾರದು ಅಂತ ಕಬ್ಬಿಣವನ್ನು ಒಳಗೇ ಬೀಗ ಹಾಕಿಡುತ್ತದೆ. ಆಗ ಕರುಳಿನಿಂದಲೂ ಬರಲ್ಲ, ಫೆರಿಟಿನ್‌ನಿಂದಲೂ ಹೊರಡಲ್ಲ. ಗೋದಾಮಿನಲ್ಲಿ ಅಕ್ಕಿ ಮೂಟೆಗಳಿದ್ದೂ ನ್ಯಾಯಬೆಲೆ ಅಂಗಡಿಗೆ ಬಾರದಿದ್ದರೆ ಕಾರ್ಡುದಾರರಿಗೆ ಏನಾಗುತ್ತದೋ ರಕ್ತಕ್ಕೂ ಅದೇ ಆಗುತ್ತದೆ.

ಇದರ ಅರ್ಥ ದೊಡ್ಡದು. ಆಗಾಗ ಜ್ವರ, ಭೇದಿ ಅಂತ ನರಳುವ ಮಗುವಿಗೆ ಎಷ್ಟೇ ಕಬ್ಬಿಣದ ಸಿರಪ್ ಕುಡಿಸಿದರೂ ಅರ್ಧಕ್ಕರ್ಧ ಬಾಗಿಲಲ್ಲೇ ವಾಪಸಾಗಬಹುದು. ಶುದ್ಧ ನೀರು, ಶೌಚಾಲಯ, ಜಂತುಹುಳದ ಮಾತ್ರೆ ಇವೆಲ್ಲ ರಕ್ತಹೀನತೆಯ ಕಾರ್ಯಕ್ರಮದ ಹೊರಗಿನ ವಿಷಯಗಳಲ್ಲ. ಕೊಕ್ಕೆಹುಳ ಕರುಳಿನ ಗೋಡೆಗೆ ಕಚ್ಚಿಕೊಂಡು ನೇರವಾಗಿ ರಕ್ತವನ್ನೇ ಹೀರುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರಿಗೆ ಅದು ಹತ್ತುವುದೇ ಪಾದದ ಮೂಲಕ.

ಮಾತ್ರೆಯನ್ನು ಹೇಗೆ ಕೊಡಬೇಕು ಅನ್ನೋದರ ಮೇಲೂ ಹೆಪ್ಸಿಡಿನ್ ಬೆಳಕು ಚೆಲ್ಲಿತು. ನಮ್ಮ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಮಾತ್ರೆ ದಿನಾ ಒಂದರಂತೆ 180 ದಿನ. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಹೆಪ್ಸಿಡಿನ್ ಮೇಲೇ ಇರುತ್ತದೆ. ಮರುದಿನದ ಮಾತ್ರೆ ಬಂದಾಗ ಬಾಗಿಲು ಅರ್ಧ ಹಾಕಿರುತ್ತದೆ. ಜ್ಯೂರಿಚ್‌ನ ಸಂಶೋಧಕರು ಕಬ್ಬಿಣದ ಕೊರತೆ ಇದ್ದ ಯುವತಿಯರ ಮೇಲೆ ಇದನ್ನು ಪರೀಕ್ಷಿಸಿ, ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ದೇಹ ಸೇರುವ ಪಾಲು ಜಾಸ್ತಿ ಎಂದು 2017ರಲ್ಲಿ ತೋರಿಸಿದರು. ಹೀರದೆ ಉಳಿದ ಕಬ್ಬಿಣವೇ ಹೊಟ್ಟೆ ತೊಳಸುವುದು, ಮಲಬದ್ಧತೆ, ಕಪ್ಪು ಮಲಕ್ಕೆ ಕಾರಣ. ಎಷ್ಟೋ ಜನ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವುದು ಇದಕ್ಕೇ. ಹಾಗಂತ ಗರ್ಭಿಣಿಯರು ತಾವೇ ದಿನ ಬಿಟ್ಟು ದಿನ ಮಾಡಿಕೊಳ್ಳಬಾರದು. ಅವರ ಅಗತ್ಯ ಬೇರೆ, ಡಾಕ್ಟರನ್ನು ಕೇಳಿಯೇ ಬದಲಾಯಿಸಬೇಕು.

ತಟ್ಟೆಯ ಕಡೆ ಬರೋಣ. ರಾಗಿಯಲ್ಲಿ ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಕಬ್ಬಿಣ ಇದೆ. ಮುದ್ದೆ ತಿನ್ನುವ ನಾಡಿಗೆ ಕೊರತೆ ಯಾಕೆ ಅಂತ ಕೇಳುವವರಿದ್ದಾರೆ. ರಾಗಿಯಲ್ಲಿ ಫೈಟಿಕ್ ಆಮ್ಲವೂ ಇದೆ. ಬೀಜಗಳು ರಂಜಕವನ್ನು ಕೂಡಿಡುವ ರೂಪ ಅದು. ಕಬ್ಬಿಣ, ಸತು ಎರಡನ್ನೂ ಅದು ಬಿಗಿಯಾಗಿ ಕಟ್ಟಿಹಾಕುತ್ತದೆ. ರಾಗಿಯ ಹೆಸರುವಾಸಿ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಊಟದ ಜೊತೆಗೋ ಆದ ಕೂಡಲೋ ಕುಡಿಯುವ ಟೀ ಇನ್ನೊಂದು ಅಡ್ಡಿ. ಮಾಂಸದಲ್ಲಿರುವ ಕಬ್ಬಿಣಕ್ಕೆ ಈ ಕಾಟ ಕಡಿಮೆ. ಅದು ಹೀಮ್ ಎಂಬ ಚೌಕಟ್ಟಿನಲ್ಲಿ ಕೂತು ಬರುವುದರಿಂದ ಕರುಳು ಅದನ್ನು ಇಡಿಯಾಗಿ ಒಳಗೆ ತೆಗೆದುಕೊಳ್ಳುತ್ತದೆ.

ನಮ್ಮ ಅಜ್ಜಿಯರ ಅಡುಗೆಯಲ್ಲಿ ಇದಕ್ಕೆ ಪರಿಹಾರವೂ ಇತ್ತು. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಕಾಳಿನಲ್ಲೇ ಇರುವ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಹುಳಿ ಬರಿಸಿದ ಅಂಬಲಿಯಲ್ಲೂ ಅದೇ ಆಗುತ್ತದೆ. ರಾತ್ರಿಯಿಡೀ ಹುದುಗಿದ ದೋಸೆ ಹಿಟ್ಟಿನಲ್ಲೂ. ದಾವಣಗೆರೆ ಬೆಣ್ಣೆದೋಸೆಯನ್ನು ಹೊಗಳಲು ಇದೂ ಒಂದು ನೆಪ ಸಿಕ್ಕಿತು ಅಂದುಕೊಳ್ಳಿ, ಬೆಣ್ಣೆಯ ಲೆಕ್ಕ ಬೇರೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ವಿಟಮಿನ್ ಸಿ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರುತ್ತದೆ. ಕರುಳಿನ ಗೋಡೆಯಲ್ಲಿರುವ ಸಾಗಣೆಯ ಪ್ರೋಟೀನು ಒಪ್ಪುವುದು ಆ ರೂಪವನ್ನೇ. ಟೀಯನ್ನು ಊಟದಿಂದ ಒಂದು ಗಂಟೆ ದೂರ ಇಟ್ಟರೆ ಸಾಕು. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಜೊತೆ ಕುಡಿದರೆ ಯಾರೂ ಬೇಡ ಅನ್ನಲ್ಲ.

ಇನ್ನು ಪಡಿತರದ ಸಾರವರ್ಧಿತ ಅಕ್ಕಿ. 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಇದನ್ನು ಘೋಷಿಸಿದರು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 2028ರ ಡಿಸೆಂಬರ್‌ವರೆಗೆ ಮುಂದುವರಿಸಲು ಒಪ್ಪಿತು, ಖರ್ಚು 17,082 ಕೋಟಿ ರೂಪಾಯಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಕಾಳಿನ ಆಕಾರದಲ್ಲಿ ಮಾಡಿ, ನೂರು ಕಾಳಿಗೆ ಒಂದರಂತೆ ಬೆರೆಸುವುದು ಇದರ ವಿಧಾನ. 'ಪ್ಲಾಸ್ಟಿಕ್ ಅಕ್ಕಿ ಬಂದಿದೆ' ಅಂತ ವಾಟ್ಸಾಪ್‌ನಲ್ಲಿ ಓಡಾಡಿದ್ದು ಈ ಕಾಳುಗಳ ಬಗ್ಗೆಯೇ. ಅದು ಪ್ಲಾಸ್ಟಿಕ್ ಅಲ್ಲ. ಆರಿಸಿ ಬಿಸಾಡಿದರೆ ಸೇರಿಸಿದ ಪೋಷಕಾಂಶವೇ ಹೋಯಿತು.

ಆದರೆ ಅದರಿಂದ ಎಷ್ಟು ಸಿಗುತ್ತದೆ? ನಿಯಮದ ಪ್ರಕಾರ ಕೆಜಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. ಒಬ್ಬರಿಗೆ ತಿಂಗಳಿಗೆ ಐದು ಕೆಜಿ ಅಂತ ಹಿಡಿದರೆ ದಿನಕ್ಕೆ ಸುಮಾರು ಐದರಿಂದ ಏಳು ಮಿಲಿಗ್ರಾಂ ಆಯಿತು. ಬಳಸುವುದು ಸಾಮಾನ್ಯವಾಗಿ ಫೆರಿಕ್ ಪೈರೋಫಾಸ್ಫೇಟ್ ಎಂಬ ಕಬ್ಬಿಣದ ಲವಣ. ಅನ್ನದ ಬಣ್ಣ, ರುಚಿ ಕೆಡಿಸುವುದಿಲ್ಲ ಅನ್ನೋದು ಅದರ ಗುಣ. ಕರುಳು ಅದನ್ನು ಅಷ್ಟು ಸುಲಭವಾಗಿ ಹೀರುವುದಿಲ್ಲ ಅನ್ನೋದು ದೋಷ. ನೂರಕ್ಕೆ ಐದು ಪಾಲು ಒಳಗೆ ಹೋಯಿತು ಅಂದುಕೊಳ್ಳೋಣ. ಆಗ ರಕ್ತಕ್ಕೆ ಸೇರಿದ್ದು ಕಾಲು ಮಿಲಿಗ್ರಾಂನ ಆಸುಪಾಸು. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾಗುವುದು ಸುಮಾರು ಒಂದೂವರೆ ಮಿಲಿಗ್ರಾಂ. ಇದು ನನ್ನ ಒರಟು ಲೆಕ್ಕ. ಐದರ ಬದಲು ಹತ್ತು ಪಾಲು ಹಿಡಿದರೂ ಅಕ್ಕಿಯೊಂದರಿಂದಲೇ ರಕ್ತಹೀನತೆ ಹೋಗುತ್ತದೆ ಎಂಬ ಪ್ರಚಾರ ನಿಲ್ಲುವುದಿಲ್ಲ. ಅಕ್ಕಿ ಬೇಡ ಅಂತಲ್ಲ ನನ್ನ ಮಾತು. ಅದರ ಹೆಗಲ ಮೇಲೆ ಅಷ್ಟು ಭಾರ ಹೊರಿಸಬೇಡಿ ಅಂತ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರ ದೇಹದಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಸೇರಿಕೊಳ್ಳುತ್ತದೆ. ಅಂಥವರು ವೈದ್ಯರ ಸಲಹೆಯಂತೆ ಎಚ್ಚರ ವಹಿಸಬೇಕು.

ಈಗ ಆ ತಕರಾರಿನ ವಿಷಯ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳ ತುದಿ ಚುಚ್ಚಿ ಬಂದ ಹನಿಯಲ್ಲಿ ಹಿಮೋಗ್ಲೋಬಿನ್ ಅಳೆಯುತ್ತಿದ್ದರು. ಹಿಂಡಿ ತೆಗೆದ ಹನಿಯಲ್ಲಿ ಬೇರೆ ದ್ರವವೂ ಬೆರೆತು ಅಳತೆ ಏರುಪೇರಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮುಂತಾದವರು ಈ ಅಂಕಿಗಳು ಉತ್ಪ್ರೇಕ್ಷೆ ಎಂದು ವಾದಿಸುತ್ತಾ ಬಂದಿದ್ದಾರೆ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ ರಕ್ತನಾಳದಿಂದಲೇ ರಕ್ತ ತೆಗೆದು ನೋಡಿತ್ತು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಇದ್ದದ್ದು ದೇಶದಾದ್ಯಂತ ಶೇ 41. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಮೊದಲು ಹೇಳಿದ ಅಂಕಿ ಕರ್ನಾಟಕದ್ದು, ನಿಜ. ಆದರೂ ವ್ಯತ್ಯಾಸ ಸಣ್ಣದಲ್ಲ. ಆರನೇ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ರಕ್ತನಾಳದ ರಕ್ತಕ್ಕೇ ಆದ್ಯತೆ ಕೊಟ್ಟಿದೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಕಡಿಮೆ ಇದೆ ಅಂದ ಮಾತ್ರಕ್ಕೆ ಕಬ್ಬಿಣವೇ ಕಡಿಮೆ ಅಂತಲ್ಲ. ಇನ್ನೊಂದು ಲೋಹ, ಕೋಬಾಲ್ಟ್, ಇಲ್ಲಿ ಪಾತ್ರ ವಹಿಸುತ್ತದೆ. ವಿಟಮಿನ್ ಬಿ12ರ ನಡುವೆ ಕೂತಿರುವುದು ಕೋಬಾಲ್ಟ್. ಆ ಬಿ12 ಹಿಡಿದುಕೊಂಡು ಕೆಲಸ ಮಾಡುವ ಕಿಣ್ವ ನಿಂತರೆ ಡಿಎನ್‌ಎ ತಯಾರಿ ಕುಂಟುತ್ತದೆ, ರಕ್ತಕಣಗಳು ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಬರುತ್ತವೆ. ಬಿ12 ತಯಾರಿಸುವ ಶಕ್ತಿ ಗಿಡಗಳಿಗೂ ಇಲ್ಲ, ಪ್ರಾಣಿಗಳಿಗೂ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳಿಗೆ ಮಾತ್ರ. ಮಾಂಸ, ಮೊಟ್ಟೆ, ಹಾಲಿನ ಮೂಲಕ ನಮಗೆ ಬರುತ್ತದೆ. ಮಾಂಸ, ಮೊಟ್ಟೆ ಇಲ್ಲದೆ ಹಾಲೂ ಕಡಿಮೆ ಇರುವ ಮನೆಯವರಿಗೆ ಕಬ್ಬಿಣದ ಮಾತ್ರೆ ವರ್ಷಪೂರ್ತಿ ಕೊಟ್ಟರೂ ಎಚ್‌ಬಿ ಏರದೇ ಇರಬಹುದು. ಬೈಸಿಕೊಳ್ಳುವವರು ಮಾತ್ರ ಆ ಹೆಣ್ಣುಮಕ್ಕಳೇ, 'ಮಾತ್ರೆ ನುಂಗಿಲ್ಲ ನೀನು' ಅಂತ.

ಹಾಗಾಗಿ ಎಚ್‌ಬಿ ಜೊತೆ ಫೆರಿಟಿನ್ ಮತ್ತು ಬಿ12 ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ಸಿಗಬೇಕು. ಸೋಂಕಿದ್ದಾಗ ಫೆರಿಟಿನ್ ಸುಳ್ಳಾಗಿ ಏರುವುದರಿಂದ, ದೇಹದಲ್ಲಿ ಉರಿಯೂತ ಇದೆಯಾ ಅಂತ ಹೇಳುವ ಸಿಆರ್‌ಪಿ ಪರೀಕ್ಷೆಯೂ ಜೊತೆಗಿರಬೇಕು. ದುಡ್ಡೆಲ್ಲಿ ಅಂತ ಕೇಳಬಹುದು. ಗಣಿ ಇರುವ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಆರೋಗ್ಯ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಕಟ್ಟಡ ಕಟ್ಟಿ ಕಲ್ಲು ನೆಡುವುದಕ್ಕಿಂತ ಒಂದು ಪ್ರಯೋಗಾಲಯದ ಯಂತ್ರ, ಅದನ್ನು ನಡೆಸುವ ಒಬ್ಬ ತಂತ್ರಜ್ಞರ ಸಂಬಳ ಈ ಹಣಕ್ಕೆ ಹೆಚ್ಚು ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ಮನುಷ್ಯರನ್ನು ಬಿಟ್ಟು ಹೊಲಕ್ಕೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಶೇಂಗಾದ ಸೀಮೆ. ಸುಣ್ಣದ ಅಂಶ ಜಾಸ್ತಿ ಇರುವ ಎರೆ ಹೊಲಗಳಲ್ಲಿ ಶೇಂಗಾದ ಎಳೆ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗೇ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೇ? ಬೇಕಾದಷ್ಟಿದೆ. ಕ್ಷಾರದ ಮಣ್ಣಿನಲ್ಲಿ ಅದು ಕರಗದ ಫೆರಿಕ್ ರೂಪದಲ್ಲಿ ಕೂತಿರುತ್ತದೆ, ಬೇರಿಗೆ ಸಿಗುವುದಿಲ್ಲ. ಎಲೆಯ ಹಸಿರಿನೊಳಗೆ ಇರುವುದು ಮೆಗ್ನೀಸಿಯಂ ನಿಜ, ಆದರೆ ಆ ಹಸಿರನ್ನು ಕಟ್ಟುವ ಕಿಣ್ವಗಳಿಗೆ ಕಬ್ಬಿಣ ಬೇಕು. ಶೇಂಗಾದ ಬೇರು ತನ್ನ ಸುತ್ತ ಆಮ್ಲ ಬಿಟ್ಟು, ಫೆರಿಕ್ಕನ್ನು ಫೆರಸ್ ಮಾಡಿಕೊಂಡು ಹೀರಲು ಪ್ರಯತ್ನಿಸುತ್ತದೆ. ಮಣ್ಣಿನ ಸುಣ್ಣ ಆ ಆಮ್ಲವನ್ನೇ ತಿಂದುಹಾಕುತ್ತದೆ. ಮೆಕ್ಕೆಜೋಳ, ರಾಗಿಯಂಥ ಹುಲ್ಲಿನ ಜಾತಿಯವು ಬೇರೆ ಉಪಾಯ ಮಾಡುತ್ತವೆ. ಫೆರಿಕ್ ಕಬ್ಬಿಣವನ್ನೇ ಅಪ್ಪಿ ಹಿಡಿದು ತರುವ ಅಣುಗಳನ್ನು ಬೇರಿನಿಂದ ಹೊರಬಿಡುತ್ತವೆ. ಇಂಥ ಮಣ್ಣಿಗೆ ಕಬ್ಬಿಣದ ಗೊಬ್ಬರ ಸುರಿದರೆ ಅದೂ ಅಲ್ಲೇ ಕಲ್ಲಾಗುತ್ತದೆ. ಆದ್ದರಿಂದಲೇ ಲೀಟರಿಗೆ ಐದು ಗ್ರಾಂನಂತೆ ಫೆರಸ್ ಸಲ್ಫೇಟನ್ನು ಎಲೆಗೆ ಸಿಂಪಡಿಸಲು ಹೇಳುವುದು, ಜೊತೆಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸುವುದು.

ಶೇಂಗಾ ಗಿಡ ಕಿತ್ತು ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್. ಹೌದು, ಗಿಡದಲ್ಲೂ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ ಇದೆ. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತದೆ. ಆ ಕೆಲಸ ಮಾಡುವುದು ನೈಟ್ರೋಜಿನೇಸ್ ಎಂಬ ಕಿಣ್ವ. ಅದರ ಹೃದಯದಲ್ಲಿ ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕದ ಪರಮಾಣುಗಳ ಗೊಂಚಲಿದೆ. ಯೂರಿಯಾ ಕಾರ್ಖಾನೆಗೆ ಬೇಕಾದ ಅಮೋನಿಯಾ ಮಾಡಲು 400 ಡಿಗ್ರಿಗೂ ಜಾಸ್ತಿ ಶಾಖ, ಸುತ್ತಲಿನ ಗಾಳಿಯ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಈ ಗೊಂಚಲು ಚಳ್ಳಕೆರೆಯ ಹೊಲದ ಮಣ್ಣಿನ ಶಾಖದಲ್ಲೇ ಅದನ್ನು ಮಾಡುತ್ತದೆ. ಒಂದೇ ತೊಂದರೆ, ಆಮ್ಲಜನಕ ತಾಗಿದರೆ ಕಿಣ್ವ ಸಾಯುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಕಿಣ್ವಕ್ಕೆ ಬೇಡ. ಲೆಗ್‌ಹಿಮೋಗ್ಲೋಬಿನ್ ಅದನ್ನು ಹಿಡಿದು ಹಿಡಿದು ಬೇಕಾದಷ್ಟೇ ಒದಗಿಸುತ್ತದೆ. ಎಲೆ ಹಳದಿಯಾದ ಹೊಲದಲ್ಲಿ ಗಂಟೂ ಸೊರಗುವುದು ಇದಕ್ಕೇ. ಎರಡೂ ಕಡೆ ಕಬ್ಬಿಣ ಬೇಕು.

ದಾವಣಗೆರೆ ಕಡೆ ಕಬ್ಬಿಣಕ್ಕಿಂತ ಸತುವಿನ ಮಾತು ಜಾಸ್ತಿ. ಅಂಗಡಿಗಳಲ್ಲಿ 'ಜಿಂಕ್' ಅಂತಲೇ ಕೇಳುತ್ತಾರೆ. ಮೆಕ್ಕೆಜೋಳಕ್ಕೆ ಸತು ಕಡಿಮೆಯಾದರೆ ಎಳೆ ಎಲೆಗಳಲ್ಲಿ ನಡುನರದ ಎರಡೂ ಪಕ್ಕ ಬಿಳಿಚಿದ ಪಟ್ಟೆಗಳು ಬರುತ್ತವೆ. ಈ ಬೆಳೆಗೆ ಸತು ಇಷ್ಟು ಬೇಕಾಗುವುದಕ್ಕೆ ಒಂದು ಕಾರಣ ಕಾರ್ಬಾನಿಕ್ ಅನ್‌ಹೈಡ್ರೇಸ್. ಗಾಳಿಯ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗುವ ಬೈಕಾರ್ಬನೇಟ್ ಮಾಡುವ ಕಿಣ್ವ ಅದು. ಮೆಕ್ಕೆಜೋಳದ ದ್ಯುತಿಸಂಶ್ಲೇಷಣೆಯ ಮೊದಲ ಮೆಟ್ಟಿಲೇ ಇದು. ನಮ್ಮ ರಕ್ತಕಣಗಳಲ್ಲೂ ಇದೇ ಹೆಸರಿನ ಕಿಣ್ವ ಇದೆ, ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದವರೆಗೂ ಪರಿವರ್ತನೆ ಮಾಡಬಲ್ಲದು. ಸತು ಇರುವ ಕಿಣ್ವ ಅಂತ 1940ರಲ್ಲಿ ಮೊದಲು ಗುರುತಿಸಿದ್ದು ಇದನ್ನೇ. ಮಣ್ಣಿನಲ್ಲಿ ಸತು ಕಡಿಮೆ ಇರುವುದು ಒಂದು ಕಾರಣವಾದರೆ, ವರ್ಷಾವರ್ಷ ಸುರಿಯುವ ಡಿಎಪಿ ಗೊಬ್ಬರದ ರಂಜಕ ಇರುವ ಸತುವನ್ನೂ ಬೆಳೆಗೆ ಸಿಗದಂತೆ ಮಾಡುವುದು ಇನ್ನೊಂದು. ಭದ್ರಾ ನಾಲೆಯ ಭತ್ತದ ಗದ್ದೆಗಳಂಥ ಕಡೆ ನೀರು ನಿಂತಾಗಲೂ ಸತು ಸಿಗುವುದು ಕಡಿಮೆಯಾಗುತ್ತದೆ. ಭತ್ತದ ಎಲೆ ತುಕ್ಕು ಬಣ್ಣಕ್ಕೆ ತಿರುಗುವ ಖೈರಾ ರೋಗಕ್ಕೆ ಯಾವ ರೋಗಾಣುವೂ ಕಾರಣವಲ್ಲ, ಸತುವಿನ ಕೊರತೆ ಕಾರಣ ಎಂದು ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವೈ. ಎಲ್. ನೆನೆ 1966ರಲ್ಲಿ ತೋರಿಸಿದ್ದರು.

ತಾಮ್ರದ ಬಗ್ಗೆ ಒಂದೇ ಮಾತು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ನಮ್ಮ ಚರ್ಮಕ್ಕೆ ಬಣ್ಣ ಬರುವುದು, ಎರಡರ ಹಿಂದೆಯೂ ತಾಮ್ರ ಹಿಡಿದ ಕಿಣ್ವಗಳಿವೆ.

ಸತುವಿನ ಇನ್ನೊಂದು ಮುಖ ಈ ಕಲ್ಲುಬಂಡೆಯ ಸೀಮೆಗೆ ಹತ್ತಿರದ್ದು. ಕೊಳಕುಮಂಡಲ, ಗರಗಸ ಮಂಡಲ ಹಾವುಗಳ ವಿಷದಲ್ಲಿ ಸತು ಇರುವ ಕಿಣ್ವಗಳಿವೆ. ರಕ್ತನಾಳದ ಗೋಡೆ ಹರಿಯುವುದು, ರಕ್ತ ಹೆಪ್ಪುಗಟ್ಟದಂತೆ ಕೆಡಿಸುವುದು ಅವುಗಳ ಕೆಲಸ. ಆ ಸತುವನ್ನು ಕಿತ್ತುಕೊಂಡರೆ ಕಿಣ್ವ ಕೈಲಾಗದ್ದಾಗುತ್ತದೆ. ಭಾರಲೋಹದ ವಿಷಕ್ಕೆ ಕೊಡುವ ಯುನಿಥಿಯೋಲ್ ಎಂಬ ಹಳೆಯ ಔಷಧಿ ಗರಗಸ ಮಂಡಲದ ಜಾತಿಯ ವಿಷದಿಂದ ಇಲಿಗಳನ್ನು ಕಾಪಾಡಿದ್ದನ್ನು 2020ರಲ್ಲಿ ಸಂಶೋಧಕರು ತೋರಿಸಿದರು. ಕೀನ್ಯಾದಲ್ಲಿ ಆರೋಗ್ಯವಂತರಿಗೆ ಕೊಟ್ಟು ಸುರಕ್ಷತೆ ನೋಡುವ ಹಂತವೂ ಆಗಿದೆ. ನುಂಗುವ ಔಷಧಿಯಾದ್ದರಿಂದ ಆಸ್ಪತ್ರೆ ದೂರ ಇರುವ ಹಳ್ಳಿಗಳಿಗೆ ಆಸೆ ಹುಟ್ಟಿಸುವ ಸುದ್ದಿ ಇದು. ಆದರೆ ಇನ್ನೂ ಸಂಶೋಧನೆಯ ಹಂತ. ನಾಗರಹಾವು, ಕಟ್ಟುಹಾವಿನ ನರವಿಷಕ್ಕೆ ಇದರಿಂದ ಪ್ರಯೋಜನವೂ ಇಲ್ಲ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ. ಯಾವ ತಾಲ್ಲೂಕಿನಲ್ಲಿ ಎಷ್ಟು ಕಡಿತ ಅನ್ನೋ ಲೆಕ್ಕ ಸಿಕ್ಕರೆ ಮುಂದೆ ಇಂಥ ಔಷಧಿ ಎಲ್ಲಿಗೆ ಮೊದಲು ಬೇಕು ಅನ್ನೋದೂ ಗೊತ್ತಾಗುತ್ತದೆ.

ಸತುವಿನ ಕೊರತೆ ಮನುಷ್ಯರಿಗೂ ಬರುತ್ತದೆ ಅಂತ ಜಗತ್ತಿಗೆ ತೋರಿಸಿದ್ದು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. ಇರಾನಿನ ಶಿರಾಜ್‌ನಲ್ಲಿ ಕೆಲಸ ಮಾಡುವಾಗ ವಯಸ್ಸಿಗೆ ಬಂದರೂ ಹುಡುಗರ ಹಾಗೇ ಕುಳ್ಳಗಿದ್ದ ಯುವಕರನ್ನು ಅವರು ನೋಡಿದರು. 1961ರಲ್ಲಿ ಅದನ್ನು ಪ್ರಕಟಿಸಿದರು. ಆ ಯುವಕರ ಊಟ ಹುದುಗು ಬರಿಸದ ಗೋಧಿ ರೊಟ್ಟಿ, ಅಂದರೆ ಮತ್ತದೇ ಫೈಟಿಕ್ ಆಮ್ಲ. ಮನುಷ್ಯನ ಪ್ರೋಟೀನುಗಳಲ್ಲಿ ಹತ್ತರಲ್ಲಿ ಒಂದು ಸತುವನ್ನು ಹಿಡಿಯುತ್ತದೆ ಅಂತ ಅಂದಾಜು. ಯಾವ ಜೀನ್ ಯಾವಾಗ ಓದಬೇಕು ಅಂತ ನಿರ್ಧರಿಸುವ ಪ್ರೋಟೀನುಗಳೂ ಅದರಲ್ಲಿ ಸೇರಿವೆ. ಬೆಳವಣಿಗೆ ನಿಲ್ಲುವುದರಲ್ಲಿ ಆಶ್ಚರ್ಯ ಇಲ್ಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಡಬೇಕು. ಬಹಳಷ್ಟು ಮನೆಗಳಲ್ಲಿ ಮೂರನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ.

ಮೇಲೆ ಹೇಳಿದ ಪೋಷಣೆ ಸಮೀಕ್ಷೆಯಲ್ಲಿ 10ರಿಂದ 19 ವರ್ಷದ ಮಕ್ಕಳ ಪೈಕಿ ಸತು ಕಡಿಮೆ ಇದ್ದವರು ಶೇ 32, ಕಬ್ಬಿಣ ಕಡಿಮೆ ಇದ್ದವರು ಶೇ 22. ಅಂದರೆ ಆ ವಯಸ್ಸಿನಲ್ಲಿ ಕಬ್ಬಿಣಕ್ಕಿಂತ ಸತುವಿನ ಕೊರತೆಯೇ ದೊಡ್ಡದು. ಆದರೂ ಸಾರವರ್ಧಿತ ಅಕ್ಕಿಯಲ್ಲಿ ಕಡ್ಡಾಯವಾಗಿ ಇರಬೇಕಾದದ್ದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಮಾತ್ರ. ಸತುವಿಗೆ ಎಚ್‌ಬಿಯಂಥ ಸುಲಭದ ಪರೀಕ್ಷೆ ಇಲ್ಲದಿರುವುದೂ ಈ ಮರೆವಿಗೆ ಒಂದು ಕಾರಣ ಇರಬೇಕು.

ಟರ್ಕಿಯ ಅನಾಟೋಲಿಯಾದಲ್ಲಿ 1990ರ ದಶಕದಲ್ಲಿ ಗೋಧಿ ಹೊಲಗಳಿಗೆ ಸತು ಹಾಕಿದಾಗ ಇಳುವರಿ ಏರಿತು, ಕಾಳಿನಲ್ಲಿ ಸತುವೂ ಏರಿತು. ಕಾಳು ಹಾಲುಗಟ್ಟುವ ಹೊತ್ತಿಗೆ ಎಲೆಗೆ ಸಿಂಪಡಿಸಿದರೆ ಕಾಳಿಗೆ ಇನ್ನೂ ಜಾಸ್ತಿ ಸೇರುತ್ತದೆ. ನಮ್ಮಲ್ಲಿ ಸತು ಕೊಳ್ಳುವುದು ಜಾಸ್ತಿ ಮೆಕ್ಕೆಜೋಳಕ್ಕೆ. ಆ ಮೆಕ್ಕೆಜೋಳವೋ ಹೆಚ್ಚಾಗಿ ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲ್‌ಗೆ. ಜನ ತಿನ್ನುವ ರಾಗಿಗೆ, ಜೋಳಕ್ಕೆ ಕಾಳು ಕಟ್ಟುವಾಗ ಸತು ಹೊಡೆಯಿರಿ ಅಂತ ಹೇಳಿದರೆ ರೈತರು ಕೇಳುವ ಮೊದಲ ಪ್ರಶ್ನೆ, ಇಳುವರಿ ಎಷ್ಟು ಏರುತ್ತದೆ? ಕಡೇ ಹಂತದ ಸಿಂಪಡಣೆಯಿಂದ ಇಳುವರಿ ಅಷ್ಟೇನೂ ಏರುವುದಿಲ್ಲ. ಏರುವುದು ಕಾಳಿನೊಳಗಿನ ಸತು. ಎಪಿಎಂಸಿಯಲ್ಲಿ ತೇವ ನೋಡುತ್ತಾರೆ, ತೂಕ ನೋಡುತ್ತಾರೆ. ಸತುವಿಗೆ ಅಂತ ಕ್ವಿಂಟಲ್‌ಗೆ ಹತ್ತು ರೂಪಾಯಿ ಜಾಸ್ತಿ ಕೊಡುವ ಖರೀದಿದಾರ ಸಿಗುವವರೆಗೆ, ಅದು ಸರ್ಕಾರವೇ ಆಗಲಿ, ಆ ಸಿಂಪಡಣೆಯ ಖರ್ಚನ್ನು ರೈತ ಯಾಕೆ ಹಾಕಬೇಕು?